ಅರ್ಧ ಇಂಚು

ಮೊದಲ ಸಲ ಬರೆದೊಯ್ದ ಶೀರ್ಷಿಕೆ ಎರಡು ಸಾಲು ಉದ್ದ:
‘ಉತ್ತರ ಕರ್ನಾಟಕದ ನಗರಗಳಲ್ಲಿ ನೀರು, ಸಮಾಜ
ಮತ್ತು ಅಭಿವೃದ್ಧಿ: ಒಂದು ಸಮಗ್ರ ಅಧ್ಯಯನ’.
ಹಂಚಿನಾಳ ಮೇಡಂ ಕನ್ನಡಕ ಹಣೆಗೇರಿಸಿ
ಡ್ರಾವರಿನಲ್ಲಿ ಕೆಂಪು ಪೆನ್ನು ತಡಕಾಡಿದರು, ಸಿಗಲಿಲ್ಲ,
ಪೆನ್ಸಿಲ್ಲಿನಿಂದಲೇ ‘ಸಮಗ್ರ’ ಹೊಡೆದರು.
“ಸಮಗ್ರ ಅನ್ನೂದು ದೇವರ ಕೆಲಸ, ನಿಂದಲ್ಲ.
ಮೂರು ವರ್ಷದ ಫೆಲೋಶಿಪ್ಪಿನ್ಯಾಗ
ಮಲಪ್ರಭಾ ಹೊಳಿ ಪೂರಾ ಕುಡಿಯಾಂವ ಏನು ನೀ?”

ಕುಡಿಯಬಲ್ಲೆ ಅಂತಲೇ ಅಂದುಕೊಂಡಿದ್ದೆ.
ಗ್ರಂಥಾಲಯದ ಉದ್ದ ಮೇಜಿನ ತುಂಬ
ಗೆಜೆಟಿಯರು, ವರದಿ, ನಕಾಶೆ ಹರವಿಕೊಂಡವನಿಗೆ
ಫ್ಯಾನಿನ ಗಾಳಿಗೆ ಹಾಳೆಗಳೇ ಅಲೆ.
ಕೆರೆ ಬೇಕು, ಬಾವಿ ಬೇಕು, ಟ್ಯಾಂಕರೂ ಬೇಕು,
ನೀರಿನ ಹೆಸರಲ್ಲಿ ಗೆದ್ದ ಚುನಾವಣೆ ಬಿಡುವುದು ಹೇಗೆ?

ಎರಡನೇ ಸಲ: ‘ಹುಬ್ಬಳ್ಳಿ ಧಾರವಾಡದಲ್ಲಿ ಕುಡಿಯುವ ನೀರು’.
“ಯಾವ ಓಣಿ?”
ಮೂರನೇ ಸಲ ಓಣಿ ಸಿಕ್ಕಿತು, ಹಳೇ ಹುಬ್ಬಳ್ಳಿಯದು.
“ಯಾವ ಮನಿ? ಯಾವ ತಾಸು?”
ಸಿಟ್ಟು ಬಂತು. ಹೀಗೇ ಕತ್ತರಿಸುತ್ತ ಹೋದರೆ
ಕಡೆಗೆ ಉಳಿಯುವುದೇನು, ಒಂದು ಕೊಡ?

ವಾಲ್ವ್ ತಿರುವುವ ಫಕ್ಕೀರಪ್ಪ ಕೇಳಿ ನಕ್ಕ.
ಸೈಕಲ್ಲಿಗೆ ಕಟ್ಟಿದ ಉದ್ದ ಕಬ್ಬಿಣದ ಚಾವಿ ಬಿಚ್ಚುತ್ತ,
“ಸವದತ್ತಿ ಡ್ಯಾಮಿನ್ಯಾಗ ನೋಡ್ರಿ, ಸಮುದ್ರ ಇದ್ದಂಗ ಐತಿ.
ಅಲ್ಲಿಂದ ಆಳು ಹೊಗೂವಂಥಾ ಪೈಪು,
ಆಮ್ಯಾಲೆ ತೊಡಿಯಷ್ಟು, ತೋಳಷ್ಟು, ಮುಂಗೈಯಷ್ಟು.
ಮನಿಗೆ ಬರೂದು ಅರ್ಧ ಇಂಚು.
ಸಣ್ಣ ಆಗದ ಹೊಳಿ
ಕೊಡದ ಬಾಯಾಗ ಹೆಂಗ ಇಳೀತೈತ್ರಿ?”

ಆ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು,
ಯಾವ ಹೊತ್ತಿಗೆಂದು ಫಕ್ಕೀರಪ್ಪನಿಗೂ ಗ್ಯಾರಂಟಿ ಇಲ್ಲ.
ನಲವತ್ತೆರಡು ಪ್ರಶ್ನೆಗಳ ಹಾಳೆ ಹಿಡಿದು
ಜೈತುನಬಿಯ ಕಟ್ಟೆಯ ಮೇಲೆ ಕೂತೆ.
ಒಂಬತ್ತನೆಯದು: ‘ನೀರಿನ ಲಭ್ಯತೆ ತೃಪ್ತಿಕರವೇ?’
ಮೆಂತ್ಯದ ಸೊಪ್ಪು ಸೋಸುತ್ತ ಆಕಳಿಸಿದಳು.
ಹತ್ತನೆಯದಕ್ಕೂ ಆಕಳಿಕೆ.
ಖಾನೆಯಲ್ಲಿ ‘ಉತ್ತರವಿಲ್ಲ’ ಎಂದು ತುಂಬಿದೆ, ಎರಡು ಸಲ.
“ತಪ್ಪು ತಿಳೀಬ್ಯಾಡ ತಮ್ಮಾ, ರಾತ್ರಿ ಎರಡಕ್ಕ ನಳ ಬಂದಿತ್ತು.
ನೀರು ಬರೂಕಿಂತ ಮುಂಚೆ ಅದು ಕೆಮ್ಮತೈತಿ.
ಮನ್ಯಾಗ ಏಳು ಮಂದಿ ಅದೀವಿ,
ಆ ಕೆಮ್ಮು ನನ್ನ ಕಿವಿಗಷ್ಟ ಕೇಳತೈತಿ.”

ಬಸ್ಸು ನವಲೂರು ದಾಟುವ ಹೊತ್ತಿಗೆ
‘ಉತ್ತರವಿಲ್ಲ’ ಎರಡನ್ನೂ ಅಳಿಸಿದ್ದೆ.
ಹಾಳೆಯ ಬೆನ್ನಿಗೆ ಬರೆದೆ:
ನಟ್ಟಿರುಳು ನಳ ಕೆಮ್ಮಿದರೆ
ಮನೆಯಲ್ಲಿ ಯಾರಿಗೆ ಎಚ್ಚರ?

ಮೇಡಂ ಓದಿದರು. ಪೆನ್ಸಿಲ್ಲು ಎತ್ತಿದವರು
ಕಿವಿಯ ಹಿಂದೆ ಸಿಕ್ಕಿಸಿಕೊಂಡರು.
“ಈಗ ಕುಡಿಯೂವಷ್ಟಾತು ನೋಡು.
ಅಂದಂಗ, ನಿಮ್ಮ ರೂಮಿನ್ಯಾಗ ಯಾರು ಏಳತೀರಿ?”

ಸಪ್ತಾಪುರದ ರೂಮಿನ ಗೋಡೆಗೆ
ನಾಲ್ವರ ಹೆಸರಿನ ಪಾಳಿಪಟ್ಟಿ ಅಂಟಿಸಿದೆ.
ನನ್ನ ಪಾಳಿಯ ರಾತ್ರಿ ಏಳುವವನು ಹಾನಗಲ್ಲಿನ ಬಸಲಿಂಗ,
ಒಂದು ಪ್ಲೇಟು ಗಿರ್ಮಿಟ್ಟು, ಎರಡು ಮಿರ್ಚಿಯ ಕರಾರಿಗೆ.
ಎರಡು ವರ್ಷದಿಂದ ಹೀಗೇ. ಅಗ್ಗಕ್ಕೆ ಸಿಕ್ಕ ನಿದ್ದೆ.

ಹಾಗಾದರೆ ಜೈತುನಬಿಗೆ ಯಾರು ಏನು ಕೊಡುತ್ತಾರೆ?
ಇದು ಮೊದಲಿನದಕ್ಕಿಂತ ಕಿರಿದು.
ಹಾಳೆಯಲ್ಲಿ ಜಾಗವಿದೆ, ಇನ್ನೂ ಬರೆದಿಲ್ಲ.

ಈ ರಾತ್ರಿ ನನ್ನ ಪಾಳಿ. ಬಸಲಿಂಗನ ಗೊರಕೆ ಒಳಗೆ.
ಹಿತ್ತಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದೇನೆ,
ನಳದ ಕಡೆ ಕಿವಿಯಿಟ್ಟು.
ಇನ್ನೂ ಕೆಮ್ಮಿಲ್ಲ.