ಉಂಡು ಎರಡು ಗಂಟೆಗೆ

ಬೆಳಗ್ಗೆ ಏಳಕ್ಕೆ ನನ್ನ ಕಿಟಕಿಗೆ ಬರುವವರೆಲ್ಲ
ಖಾಲಿ ಹೊಟ್ಟೆಯವರು.
ಮಂಡ್ಯದ ಆಸ್ಪತ್ರೆ ರಸ್ತೆ, ಒಂದೂವರೆ ಅಂಗಡಿಯಷ್ಟಗಲ ಲ್ಯಾಬು,
ಒಂದು ಕುರ್ಚಿ, ತೋಳಿಗೆ ಕಟ್ಟುವ ರಬ್ಬರು.
"ಕಾಫಿ ಕುಡಿದಿಲ್ಲ ತಾನೆ?"
ಅರ್ಧ ಜನ ಕಣ್ಣು ತಪ್ಪಿಸುತ್ತಾರೆ.

ದ್ಯಾವೇಗೌಡರು ತಪ್ಪಿಸಲಿಲ್ಲ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ
ಪ್ಯಾನು ಕುದಿಸಿದವರು.
ಗಾಜಿನ ಚೂರಿಗೆ ಒಂದು ತೊಟ್ಟು ಸವರಿ, ದೀಪಕ್ಕೆ ಹಿಡಿದು
ಹರಳು ಎಷ್ಟು ಕೂತಿದೆಯೆಂದು
ಮೀಟರಿಗಿಂತ ಮೊದಲು ಹೇಳುತ್ತಿದ್ದರಂತೆ.
ಸೂಜಿ ತೆಗೆದ ಮೇಲೆ ಹತ್ತಿಯಲ್ಲುಳಿದ ಹನಿಯನ್ನು
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಎಳೆ ತೆಗೆದು ನೋಡಿ,
"ಇನ್ನೂ ಪಾಕ ಬಂದಿಲ್ಲ ಕಣವ್ವ" ಅಂದರು.

ನೂರ ಮೂವತ್ತೆಂಟು.
ಉಂಡದ್ದು ನಿನ್ನೆ ರಾತ್ರಿ ಎಂಟಕ್ಕೆ, ಈ ಸಕ್ಕರೆ ಯಾವ ಊಟದ್ದು?
ನಾವು ಮಲಗಿದ ಮೇಲೆ ಈಲಿ ಎದ್ದು ಕೂರುತ್ತದೆ,
ಹಗಲು ಕಟ್ಟಿಟ್ಟ ಗಂಟು ಬಿಚ್ಚಿ
ಮಿದುಳಿಗೆ ಹಿಡಿಹಿಡಿಯಾಗಿ ಅಳೆದು ಹಾಕುತ್ತದೆ.
ಕನಸಿಗೂ ಸಕ್ಕರೆ ಬೇಕಲ್ಲ.
ಗೌಡರ ಈಲಿಯದು ಕೊಂಚ ದೊಡ್ಡ ಕೈ.

"ಉಂಡು ಬನ್ನಿ. ಮೊದಲ ತುತ್ತಿನಿಂದ ಲೆಕ್ಕ, ಎರಡು ಗಂಟೆ."
ಎದುರಿಗೇ ಸಾಕಮ್ಮನ ಮೆಸ್ಸು.
ಕಿಟಕಿಯಿಂದ ಕಾಣುತ್ತದೆ: ಎರಡು ಮುದ್ದೆ, ಅವರೆಕಾಳಿನ ಬಸ್ಸಾರು,
ಭಾನುವಾರವಾದ್ದರಿಂದ ನಾಟಿಕೋಳಿ, ಮೇಲೆ ತೇಲುವ ಹಳದಿ ಎಣ್ಣೆ.
ಮುದ್ದೆ ಅಗಿಯುವಂತಿಲ್ಲ, ನುಂಗಬೇಕು.
ಎಂಜಲಿಗೆ ಅಲ್ಲಿ ಕೆಲಸವೇ ಸಿಗದು,
ಬಾಗಿಲಲ್ಲಿ ನಿಂತು ಕೈಮುಗಿದು ಕಳಿಸುತ್ತದೆ.

ಆಮೇಲಿನದು ನನಗೆ ಕಾಣುವುದಿಲ್ಲ, ಗೊತ್ತಿದೆ ಅಷ್ಟೆ.
ಕಾಳು, ಕೋಳಿ ಹುಳಿಯಲ್ಲಿ ನೆನೆದು ಸುರುಳಿ ಬಿಚ್ಚಿಕೊಳ್ಳುತ್ತವೆ.
ಹಳೇ ಮನೆ ಕೆಡವಿ ತೊಲೆ ಬೇರೆ, ಹೆಂಚು ಬೇರೆ ಪೇರಿಸಿದ ಹಾಗೆ
ತುಂಡು ತುಂಡಾಗಿ ಒಳಗೆ ಹೋಗಿ
ಗೌಡರ ಹೊಸ ಉಗುರಾಗುತ್ತವೆ, ಸವೆದ ಕರುಳಿನ ಒಳಪದರವಾಗುತ್ತವೆ.
ಇವಕ್ಕೆ ಉಗ್ರಾಣವಿಲ್ಲ.
ಕೆಲಸಕ್ಕೆ ಹತ್ತದೆ ಮಿಕ್ಕದ್ದು ಉರಿಯಬೇಕು,
ಉರಿದ ಬೂದಿ ಮೂತ್ರದಲ್ಲಿ ಹೋಗಬೇಕು.

ರಾಗಿ ನಿಧಾನದ ಧಾನ್ಯ. ಆದರೂ ಎರಡು ಮುದ್ದೆ ಎರಡು ಮುದ್ದೆಯೇ.
ಕರುಳಿನ ಗೋಡೆ ದಾಟಿ ಸಕ್ಕರೆ ನಾಲೆಗೆ ಬಿದ್ದ ಗಳಿಗೆಗೆ
ನೀರ್ಗಂಟಿ ಹೊರಡುತ್ತಾನೆ,
ಗದ್ದೆ ಗದ್ದೆಯ ತೂಬಿನ ಮುಂದೆ ನಿಂತು ಕೂಗುತ್ತಾನೆ.
ಅರವತ್ತೆಂಟು ವರ್ಷದ ತೂಬುಗಳು, ತುಕ್ಕು ಹಿಡಿದಿವೆ.
ನಾಲೆ ತುಂಬಿ ಹರಿಯುತ್ತದೆ,
ಪೈರಿನ ಬುಡ ಒಣಗಿರುತ್ತದೆ.

ಕೊಬ್ಬು ಮಾತ್ರ ಆ ದಾರಿ ಹಿಡಿಯುವುದಿಲ್ಲ.
ಪಿತ್ತದಲ್ಲಿ ಮಿಂದು ಹನಿಹನಿಯಾಗಿ ಒಡೆದು
ಈಲಿಯ ಚೆಕ್‌ಪೋಸ್ಟು ತಪ್ಪಿಸಿ
ಪಿಕ್ಕಾಲುವೆಯಲ್ಲಿ ಮೆಲ್ಲಗೆ ಹತ್ತಿ
ಎಡಗಡೆ ಕತ್ತಿನ ಬುಡದಲ್ಲಿ ನೆತ್ತರಿಗೆ ಸೇರುತ್ತದೆ.
ಇದಕ್ಕೆ ನನ್ನ ಬಳಿ ಸಾಕ್ಷಿ ಇದೆ:
ಬೆಳಗಿನ ನಳಿಗೆಯಲ್ಲಿ ತಿಳಿ ಹೊನ್ನಿನ ಬಣ್ಣ,
ಹತ್ತೂಕಾಲಿನ ನಳಿಗೆಯಲ್ಲಿ
ಅಕ್ಕಿ ತೊಳೆದ ನೀರು.

ಇನ್ನೂರ ಇಪ್ಪತ್ತಾರು.
ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅಭ್ಯಾಸಬಲ.
"ಹಂಗಾರೆ ಪ್ಯಾನ್ ಇಳಿಸ್‌ಬೋದು" ಎಂದು ನಕ್ಕರು.
ನಾನು ನಗಲಿಲ್ಲ. ಡಾಕ್ಟರ ಕೋಣೆ ತೋರಿಸಿದೆ.
ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡರು.

ಹನ್ನೊಂದು. ನಾನಿನ್ನೂ ಉಂಡಿಲ್ಲ.
ಹೊಟ್ಟೆ ಗುರ್ ಎಂದು ಒಂದು ಸಲ ಕರೆದು ಸುಮ್ಮನಾಗಿದೆ.
ಗಂಟು ಮುಗಿಯುತ್ತ ಬಂತೇನೋ,
ಹೋದ ವರ್ಷದ ಮದುವೆಮನೆಗಳ ಹೋಳಿಗೆ
ಸೊಂಟದಿಂದ ಒಂದೊಂದೇ ಎಳೆಯಾಗಿ ಇಳಿದು
ಈ ಬೆಳಗನ್ನು ನಡೆಸುತ್ತಿದೆ.

ಡಬ್ಬಿ ತೆರೆದೆ. ತಣ್ಣಗಾದ ರಾಗಿರೊಟ್ಟಿ.
ಒಂದು ಚೂರು ಬಾಯಿಗಿಟ್ಟು, ನುಂಗದೆ,
ಅಗಿದೆ, ಅಗಿದೆ, ಮೂವತ್ತರವರೆಗೆ ಎಣಿಸಿ ಲೆಕ್ಕ ಬಿಟ್ಟೆ.
ಆಗ ನಾಲಿಗೆಯ ಅಂಚಿಗೆ ಬಂತು,
ಎಂಜಲು ತಾನೇ ಕುದಿಸಿದ ತೆಳು ಸಿಹಿ.
ಮುಂದಿನ ಸಲ ಅವರಿಗೊಂದು ಚೂರು ಕೊಟ್ಟು ಕೇಳಬೇಕು:
ಗೌಡರೇ, ಇದು ಯಾವ ಪಾಕ?