ಏನೂ ಇಲ್ಲದ್ದಕ್ಕೆ ಎಷ್ಟು

ಸೋಮವಾರ ಸಂಜೆ ಬಾಗಿಲಿಗೆ ಚಿಲಕ ಜಡಿದು
ಡಾಕ್ಟರ್ ಎಲಿನೆಡ್ ಮೂರು ಹಾಳೆ ಹರಡಿದಳು
ಪ್ಲಾಸ್ಟರಿನ ದವಡೆಗಳ ನಡುವೆ.
ಹಾರಿಹೋಗದಿರಲೆಂದು ಒಂದರ ಮೇಲೆ
ಯಾರದೋ ಕೆಳದವಡೆ ಹೇರಿದಳು.
"ಡೆಲಿತ್, ನೀನೂ ಕೂರು."
ಹತ್ತೊಂಬತ್ತು ವರ್ಷ ಇಲ್ಲಿ ಮುಂದಿನ ಮೇಜಿಗೆ ಕೂತವಳು ನಾನು,
ಕೂರು ಎಂದು ಹೇಳಿಸಿಕೊಂಡದ್ದು ಅವತ್ತೇ.

ಮೊದಲ ಹಾಳೆ ಸರ್ಕಾರದ್ದು.
ಅದರಲ್ಲಿ ಹಲ್ಲಿಲ್ಲ, ಯೂನಿಟ್ಟುಗಳಿವೆ.
ಹುಳುಕು ಒಂದು ತುಂಬಿದರೂ ಅಷ್ಟೇ, ಐದು ತುಂಬಿದರೂ ಅಷ್ಟೇ;
ಬಾಯಿ ತುಂಬ ನೋವಿಟ್ಟುಕೊಂಡು ಯಾರಾದರೂ ಬಂದ ದಿನ
ಅವಳು ಊಟ ಬಿಟ್ಟು ದುಡಿದು
ನಷ್ಟ ಗಳಿಸುತ್ತಾಳೆ.
ಗುರಿ ಮುಟ್ಟದ ವರ್ಷ, ಕೊಟ್ಟದ್ದನ್ನು ವಾಪಸ್ ಕೇಳುವ ಕಾಗದ
ಎರಡು ಭಾಷೆಯಲ್ಲಿ ಬರುತ್ತದೆ, ನಮ್ಮ ವೆಲ್ಷ್ ಮೊದಲು.
ಕಿತ್ತುಕೊಳ್ಳುವಾಗಲೂ ಎಂಥ ಮರ್ಯಾದೆ!

ಎರಡನೆಯದು ಕೆಲಸಕ್ಕಿಷ್ಟು.
ತುಂಬಿದ್ದಕ್ಕಿಷ್ಟು, ಕಿತ್ತಿದ್ದಕ್ಕಿಷ್ಟು, ಕ್ಯಾಪಿಗಿಷ್ಟು,
ಮೀನಂಗಡಿಯ ಬೋರ್ಡಿನಷ್ಟು ನೇರ.
ಲೆಕ್ಕಿಗ ಗೆಥಿನ್ ಬೆರಳಿಟ್ಟದ್ದು ಇದಕ್ಕೇ:
ಕಡಲೆ ಇದ್ದವರ ಕಡೆ ನಡೆಯಿರಿ ಮೇಡಂ,
ಹಲ್ಲು ತಾನಾಗಿ ಹಿಂದೆ ಬರುತ್ತದೆ.
ಎಲಿನೆಡ್ ನಗಲಿಲ್ಲ.
"ಒಂದು ಕಪ್ಪು ಚುಕ್ಕೆ. ಹುಳುಕೋ, ಟೀ ಕಲೆಯೋ.
ಆರು ತಿಂಗಳು ಕಾಯೋಣ ಅನ್ನಬೇಕಾದ ಕಡೆ
ಡ್ರಿಲ್ಲಿಗೆ ಕೈ ಹೋಯಿತು ಅನ್ನು.
ಹೋದದ್ದು ನನ್ನ ಕೈಯೋ, ಈ ಕಟ್ಟಡದ ಬಾಡಿಗೆಯೋ?"

ಮೂರನೆಯದು ತಿಂಗಳ ಕಂತು.
ಬಂದರೂ ಬಾರದಿದ್ದರೂ ಇಂತಿಷ್ಟು ಪೌಂಡು,
ಉಜ್ಜುವವರ ದುಡ್ಡಿನಲ್ಲಿ ಉಜ್ಜದವರ ಹಲ್ಲು ಉಳಿಯುತ್ತದೆ.
ಚೆಂದ ಅನ್ನುವಷ್ಟರಲ್ಲಿ ನನಗೇ ಹೊಳೆಯಿತು:
ಜನ ಬಾರದಷ್ಟೂ ಲಾಭ.
ಫೋನು ಹೊಡೆದುಕೊಳ್ಳುವಾಗ
ನಾನು ನಾಲ್ಕು ಗಂಟೆ ತಡೆದು ಎತ್ತಿದರೆ
ಅದೂ ಒಂದು ಆದಾಯ.

ಮರುದಿನ ಮೊದಲ ಪಾಳಿ ಟೆಕ್ವಿನ್ ಪ್ಯಾರಿಯದು.
ಸ್ಲೇಟು ಸೀಳುತ್ತಿದ್ದ ಕೈ, ಧೂಳು ಕೂತ ಎದೆ,
ಹದಿನಾಲ್ಕು ಹಲ್ಲು, ಎಲ್ಲ ಸ್ವಂತ.
ಟೋಪಿ ಮೊಣಕಾಲಿಗೆ ಹಾಕಿ ನನ್ನ ಮೂರು ಹಾಳೆಯ ಕತೆ ಕೇಳಿದ.
"ನಮ್ಮ ತಾತನ ಗಣಿಯಲ್ಲೂ ಇತ್ತಮ್ಮ ಇಂಥದ್ದು.
ತಿಂಗಳಿಗೊಮ್ಮೆ ಮೇಸ್ತ್ರಿ ಬಂದು ಬಂಡೆಯ ಮುಖ ನೋಡಿ
ದರ ಕೂಗುತ್ತಿದ್ದ. ಒಳ್ಳೇ ಬಂಡೆಗೆ ಕಡಿಮೆ,
ಸೀಳದ ಬಂಡೆಗೆ ಹೆಚ್ಚು. ನ್ಯಾಯವೇ.
ಆದರೆ ಬಂಡೆ ಒಳ್ಳೇದೋ ಕೆಟ್ಟದ್ದೋ
ಹೇಳುವವನು ಮೇಸ್ತ್ರಿ.
ತಾತ ಅವನ ಮನೆ ಕೋಳಿಗೂ ನಮಸ್ಕಾರ ಹಾಕುತ್ತಿದ್ದ."

ಹನ್ನೊಂದು ನಿಮಿಷ ಒಳಗಿದ್ದ.
ಒಂದೊಂದನ್ನೂ ತಟ್ಟುವ ಸದ್ದು, ಆಮೇಲೆ ಎಲಿನೆಡ್ ದನಿ:
"ಏನೂ ಇಲ್ಲ, ಟೆಕ್ವಿನ್."
ಹೊರಬಂದವನೇ ಪರ್ಸು ತೆಗೆದು ನಿಂತ,
"ಆ ಏನೂ ಇಲ್ಲಕ್ಕೆ ಎಷ್ಟು?"

ಮೂರೂ ಹಾಳೆ ತಿರುವಿದೆ.
ನೋಡಿದ್ದಕ್ಕೆ ದರ ಇತ್ತು.
ನೋಡಿ, ಏನೂ ಇಲ್ಲ ಎನ್ನಬಲ್ಲ ಬಾಯಿಗೆ
ಎಲ್ಲೂ ಇರಲಿಲ್ಲ.

ಶುಕ್ರವಾರ ತೀರ್ಮಾನವಾಯಿತು:
ಮಕ್ಕಳು ಸರ್ಕಾರದ ಹಾಳೆಗೆ, ದೊಡ್ಡವರು ಕಂತಿಗೆ.
ಸರಿಯೋ ತಪ್ಪೋ, ಎಲಿನೆಡ್‌ಗೆ ಆ ರಾತ್ರಿಯಾದರೂ ನಿದ್ದೆ ಬಂದಿರಬೇಕು.
ನನಗೆ ಸಾವಿರದ ಎಂಟುನೂರ ನಲವತ್ತು ಕಾಗದ.
ಮಡಚಿದೆ, ನೆಕ್ಕಿದೆ, ಅಂಟಿಸಿದೆ;
ನಾಲಿಗೆಗೆ ಗೋಂದು, ಕಣ್ಣಿಗೆ ಹೆಸರುಗಳು.
ಯಾರು ಕಟ್ಟುತ್ತಾರೆ, ಯಾರು ಸುಮ್ಮನಾಗುತ್ತಾರೆ,
ಯಾರು ಲವಂಗ ಕಚ್ಚಿಕೊಂಡು ಚಳಿಗಾಲ ಕಳೆಯುತ್ತಾರೆ,
ಲಕೋಟೆ ಮುಟ್ಟಿದರೇ ತಿಳಿಯುತ್ತಿತ್ತು.

ಹನ್ನೊಂದನ್ನು ಅಂಚೆಗೆ ಹಾಕಲಿಲ್ಲ.
ಕೆಳಗಿನ ಡ್ರಾಯರಿನಲ್ಲಿವೆ.
ಮೊನ್ನೆ ರಬ್ಬರ್ ಬ್ಯಾಂಡ್ ಹುಡುಕುತ್ತ ಎಲಿನೆಡ್ ಅದನ್ನೆಳೆದಳು,
ಸಡಿಲವಾದ ಹಲ್ಲು ಎಷ್ಟು ಅಲುಗುತ್ತದೆಂದು ನೋಡುವವಳ ಹಾಗೆ
ಒಂದು ಕ್ಷಣ ಹಿಡಿದು
ಮೆಲ್ಲಗೆ ಮತ್ತೆ ಒಳಗೆ ತಳ್ಳಿದಳು.