ಬಾವುಟವಿದ್ದ ಚೌಕ

ಇಂಚಿಗೊಂದು ಮೈಲಿಯ ಹಾಳೆ,
ಸಾವಿರದ ಒಂಬೈನೂರ ಎಂಟನೇ ಇಸವಿಯದು.
ಅಡುಗೆಮನೆಯ ಮೇಜಿನ ಮೇಲೆ ಹರಡಿ
ನಾಲ್ಕು ಮೂಲೆಗೂ ಡಬ್ಬಿ ಹೇರಿದ್ದೇನೆ:
ಸಾಸಿವೆ, ಮೆಂತ್ಯ, ಜೀರಿಗೆ,
ನಾಲ್ಕನೆಯದು ಡೆಲ್ಬರ್ಟ್ ಮರೆತುಹೋದ ಬ್ಯಾಟರಿ ಡಬ್ಬಿ.

ಕಂದು ಗೆರೆಗಳು ಗುಡ್ಡ. ನೀಲಿ ಎಳೆ ಹಳ್ಳ.
ಜೋಡಿ ಗೆರೆ ಗಾಡಿದಾರಿ; ಅದು ತುಂಡುತುಂಡಾಗಿದ್ದರೆ
ಕೆಸರಿನ ದಿನಗಳಲ್ಲಿ ಯಾರೂ ಹೋಗದ ದಾರಿ.
ಎಳ್ಳಿನಷ್ಟು ಕಪ್ಪು ಚೌಕವೆಂದರೆ ಮನೆ.
ಒಲೆ, ತೊಟ್ಟಿಲು, ಜಗಳ ಎಲ್ಲ ಸೇರಿ ಅಷ್ಟೇ ಜಾಗ.
ಚೌಕದ ನೆತ್ತಿಗೆ ಬಾವುಟವಿದ್ದರೆ ಶಾಲೆ.

ಹೊಸ ನಕ್ಷೆಯಲ್ಲಿ, ಓಹಾಯೋದ ಈ ಮೂಲೆಯಲ್ಲಿ, ಬರೀ ಹಸಿರು.
"ಇದು," ಎಂದು ಬೆರಳೂರಿದ ಡೆಲ್ಬರ್ಟ್ ಹೂಪ್ಸ್,
ಮೂವತ್ತೊಂದು ವರ್ಷ ಕರೆಂಟು ಕಂಬ ಹತ್ತಿ ಇಳಿದವನ ಬೆರಳು,
"ಇದು ವರ್ನಾ ಸ್ಟೋಲ್ಟ್ಸ್‌ಳ ದನ ಮೇಯೋ ಹೊಲ. ನೀನೇ ಕೇಳು.
ಅವಳ ಮೊಮ್ಮಗನಿಗೆ ಭಿನ್ನರಾಶಿ ಹೇಳಿಕೊಟ್ಟವಳಿಗೆ
ಇಲ್ಲ ಅನ್ನಲ್ಲ."

ನಮ್ಮಪ್ಪ ಸರ್ವೆಯವರು. ಹಿಡಿದ ಸರಪಳಿಗೆ
ಮೂವತ್ತಮೂರು ಅಡಿ, ಹದಿನಾರು ಆಣೆ.
ಸಂತೆಯಿಂದ ಆಣೆ ಮಾಯವಾದ ಮೇಲೂ
ಅವರ ನೆಲ ಆಣೆಯಲ್ಲೇ ಅಳೆಯಿಸಿಕೊಳ್ಳುತ್ತಿತ್ತು.
ಬಾಂದುಕಲ್ಲು ಕಾಣದಿದ್ದರೆ ಕುಕ್ಕುರುಗಾಲಲ್ಲಿ ಕೂತು
ಹುಲ್ಲಿನ ಬಣ್ಣ ನೋಡುವರು,
ಸೌದೆ ಹೊತ್ತು ಬರುವ ಮುದುಕಿಯನ್ನು ಕೇಳುವರು,
ಟಿಪ್ಪಣಿ ಪುಸ್ತಕ ತೆರೆಯುವುದು ಎಲ್ಲಕ್ಕಿಂತ ಕೊನೆಗೆ.
"ಕಾಗದ ಬರೆದವನಿಗೂ ಮಧ್ಯಾಹ್ನ ಹಸಿವಾಗಿರುತ್ತೆ ಕಣೇ."

ಏಪ್ರಿಲ್‌ನ ಶನಿವಾರ. ಹಳ್ಳದ ತಿರುವು.
ಯಂತ್ರ ಕಿವಿಯಲ್ಲಿ ಗುಂಯ್ ಎನ್ನುತ್ತ
ಒಂದು ಸೀಸೆ ಮುಚ್ಚಳ ಕೊಟ್ಟಿತು. ಒಂದು ತೋಟಾದ ತಳ.
ಮುಳ್ಳುತಂತಿ. ಮತ್ತೆ ಮುಳ್ಳುತಂತಿ.
ಲಾಳ ಅಂದುಕೊಂಡದ್ದು ಟ್ರ್ಯಾಕ್ಟರಿನ ಯಾವುದೋ ಅವಯವ.
ಹನ್ನೊಂದರಿಂದ ಎರಡರವರೆಗೆ ಶಾಲೆ ಎಲ್ಲೂ ಇರಲಿಲ್ಲ.
ಡೆಲ್ಬರ್ಟ್ ನಕ್ಷೆಗೆ ಬೈದ, ಸರ್ಕಾರಕ್ಕೆ ಬೈದ,
ಸ್ಯಾಂಡ್‌ವಿಚ್ ಬಿಚ್ಚಿದ.

ಲೆಕ್ಕದ ಟೀಚರ್ ತಾನೆ, ಲೆಕ್ಕ ಹಾಕಿದೆ:
ಈ ಹಾಳೆಯಲ್ಲಿ ಪೆನ್ಸಿಲ್ ಮೊನೆಯಷ್ಟು ತಪ್ಪಿದರೆ
ನೆಲದ ಮೇಲೆ ಮೂರು ಸರಪಳಿ ತಪ್ಪು.
ಬೆರಳು ಮರಗಟ್ಟಿದ ಯಾವನೋ ಪುಣ್ಯಾತ್ಮ
ಕುದುರೆಯನ್ನು ಬೇಲಿಗೆ ಕಟ್ಟಿ, ಮೂಗು ಸೊರಸೊರ ಎಳೆಯುತ್ತ,
ಹಳ್ಳದ ಈ ದಡಕ್ಕೇ ಬಾವುಟ ನೆಟ್ಟುಬಿಟ್ಟಿದ್ದರೆ?

ಆ ದಡದಲ್ಲಿ ಡ್ಯಾಫೊಡಿಲ್ ಹಳದಿ.
ತಾವಾಗಿ ಬಂದವಾದರೆ ಚೆಲ್ಲಾಪಿಲ್ಲಿ ಇರಬೇಕಿತ್ತು.
ಇವು ಸಾಲು ಹಿಡಿದು ಬಂದು
ಒಂದು ಕಡೆ ಸರಿಯಾಗಿ ಲಂಬಕೋನಕ್ಕೆ ತಿರುಗಿದ್ದವು,
ಇಲ್ಲದ ಗೋಡೆಯ ಗುಂಟ.

ಬೂಟು ಕಳಚಿ ದಾಟಿದೆವು. ನೀರು ಕಚ್ಚಿತು.

ಒಂದು ಗೇಣು ಕೆಳಗೆ ಎರಕದ ಬೆಂಚುಕಾಲು.
ಮುಖ ಸವೆದ ಒಂದು ಸೆಂಟು.
ಆಮೇಲೆ ಬೆರಳುದ್ದದ ಹಿತ್ತಾಳೆ ಪಟ್ಟಿ, ಮೈತುಂಬ ಕಿಂಡಿ,
ಕಿಂಡಿಗೊಂದು ತೆಳ್ಳನೆ ನಾಲಗೆ, ಕೆಲವು ಮುರಿದವು.
ಬಾಚಣಿಗೆ ಅಂದೆ. ಮೌತ್ ಆರ್ಗನ್ನಿನ ಹೊಟ್ಟೆ ಅಂದ ಅವನು.
ಪಾಠದ ನಡುವೆ ಕಿತ್ತು ಕಿಟಕಿಯಿಂದ ಎಸೆದದ್ದಿರಬೇಕು.
ನನ್ನ ಕೈಯೂ ಎಷ್ಟೋ ಸಲ ತುರಿಸಿದೆ.
ಡೆಲ್ಬರ್ಟ್ ಅತ್ತಿತ್ತ ನೋಡಿ, ತುಟಿಗಿಟ್ಟು ಊದಿದ.
ಮಣ್ಣು ಹಾರಿ ಅವನ ಕನ್ನಡಕಕ್ಕೇ ಬಿತ್ತು.

ಕುಣಿ ಮುಚ್ಚಿ, ಹುಲ್ಲಿನ ಹೆಂಟೆ ತಟ್ಟಿ ಕೂರಿಸಿ,
ಸಿಕ್ಕಿದ್ದನ್ನೆಲ್ಲ ವರ್ನಾಳ ಜಗಲಿಗೆ ತಂದು ಸುರಿದೆವು.
ಅರ್ಧ ಅವಳದು, ಅದು ಮಾತು.
ಹಿತ್ತಾಳೆಯನ್ನು ಮೂಸಿ ಪಕ್ಕಕ್ಕಿಟ್ಟಳು. ಸೆಂಟನ್ನು ಮುಟ್ಟಲಿಲ್ಲ.
"ಬಾವಿ ಸಿಕ್ತಾ?" ಅಂದಳು.
"ಶಾಲೆಗೊಂದು ಬಾವಿ ಇತ್ತು.
ಎಲ್ಲಿ ಹಲಗೆ ಹಾಕಿ ಮುಚ್ಚಿದ ಅಂತ ಅಪ್ಪ ಹೇಳದೇ ಹೋದ.
ಐವತ್ತು ವರ್ಷ ಆಯ್ತು, ಆ ದಡಕ್ಕೆ ದನ ಬಿಟ್ಟಿಲ್ಲ ನಾನು."

ನಕ್ಷೆಯಲ್ಲಿ ಬಾವಿ ಇಲ್ಲ. ಯಂತ್ರಕ್ಕೆ ನೀರು ಕೇಳಿಸದು.

ರಾತ್ರಿ ಮತ್ತೆ ನಾಲ್ಕು ಡಬ್ಬಿ ಇಟ್ಟು
ಬಾವುಟವನ್ನು ಪೆನ್ಸಿಲಿನಲ್ಲಿ ಹಳ್ಳ ದಾಟಿಸಿದೆ,
ಅಳಿಸಬಹುದಾದಷ್ಟು ಮೆಲ್ಲಗೆ.
ಪಕ್ಕದಲ್ಲೊಂದು ಸೊನ್ನೆ, ಸೊನ್ನೆಯೊಳಗೆ ಪ್ರಶ್ನಾರ್ಥಕ.
ಡೆಲ್ಬರ್ಟ್‌ಗೆ ಫೋನು ಮಾಡಿ
ಬರುವ ಶನಿವಾರ ಯಂತ್ರ ಬೇಡ ಅಂದೆ,
ಉದ್ದನೆ ಕೋಲು ತಾ, ಕುಟ್ಟಿ ನೋಡೋಣ.
ಹಗ್ಗಾನೂ ತರ್ತೀನಿ, ಅಂದ.